ಆಟಿಕೆಯೆಂದು ನಕ್ಕರು: ಟೆಸ್ಲಾ ಮತ್ತು ಆತನ ದೋಣಿ



ರಿಮೋಟ್ ಕಾರನ್ನು ನೀವು ನೋಡಿಯೇ ಇರುತ್ತೀರಿ. ಜಾತ್ರೆಯ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕೈಯಲ್ಲಿರುವ ಗುಂಡಿ ಒತ್ತಿದರೆ ಅಂಗಳದ ಆ ತುದಿಯಲ್ಲಿರುವ ಕಾರು ಓಡುತ್ತದೆ, ತಿರುಗುತ್ತದೆ, ಹಿಂದಕ್ಕೂ ಬರುತ್ತದೆ. ನಡುವೆ ದಾರವಿಲ್ಲ, ತಂತಿಯೂ ಇಲ್ಲ. ಎಷ್ಟೋ ಸಲ ಕೆಲವೇ ವಾರಗಳಲ್ಲಿ ಒಳಗಿನ ಗೇರಿನ ಹಲ್ಲು ಮುರಿಯುತ್ತದೆ. ಕಾರು ಅಟ್ಟ ಸೇರುತ್ತದೆ.

ಇದೇ ಜಾತಿಯ ಇನ್ನೊಂದು ಕಾರು ಇದೆ. ಅದು ದೊಡ್ಡ ಊರುಗಳ ಹವ್ಯಾಸದ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಅದರ ಡಬ್ಬಿ ತೆರೆದರೆ ಕಾರು ಕಾಣುವುದಿಲ್ಲ. ಮೋಟಾರು, ಗೇರು, ಚಕ್ರ, ಸ್ಪ್ರಿಂಗು, ರಾಶಿ ಸ್ಕ್ರೂಗಳು ಮತ್ತು ಚಿತ್ರಗಳಿರುವ ಒಂದು ಪುಸ್ತಿಕೆ ಇರುತ್ತವೆ. ಕಾರನ್ನು ನಾವೇ ಜೋಡಿಸಬೇಕು. ಇದಕ್ಕೆ ಕಿಟ್ ಎನ್ನುತ್ತಾರೆ. ಒಳ್ಳೆಯ ಕಿಟ್, ಅದರ ರಿಮೋಟ್, ಬ್ಯಾಟರಿ, ಚಾರ್ಜರ್ ಎಲ್ಲ ಸೇರಿದರೆ ಬೆಲೆ ಹತ್ತು ಸಾವಿರ ರೂಪಾಯಿಯನ್ನು ಸುಲಭವಾಗಿ ದಾಟುತ್ತದೆ. ಒಂದು ಆಟಿಕೆಗೆ ಇಷ್ಟು ಹಣ ಹಾಕಬಹುದೇ?

ಉತ್ತರ ಹುಡುಕುವ ಮೊದಲು ಒಬ್ಬ ವಿಜ್ಞಾನಿಯ ಜೀವನ ಕಥೆಯನ್ನು ಓದೋಣ. ಆತನೂ ದೂರದಿಂದ ನಡೆಸುವ ಒಂದು ಪುಟ್ಟ ವಾಹನವನ್ನು ಮಾಡಿದ್ದ. ನೋಡಿದವರು ಬೆರಗಾದರು. ಆದರೆ ಹಣ ಕೊಟ್ಟು ಕೊಳ್ಳಲು ಯಾರೂ ಮುಂದೆ ಬರಲಿಲ್ಲ. ಆತನೇ ನಿಕೊಲಾ ಟೆಸ್ಲಾ.

ಗಡಿಯಾರ ಬಿಚ್ಚಿದ ಹುಡುಗ

ಟೆಸ್ಲಾ ಹುಟ್ಟಿದ್ದು 1856ರ ಜುಲೈ 10ರಂದು, ಸ್ಮಿಲ್ಯಾನ್ ಎಂಬ ಹಳ್ಳಿಯಲ್ಲಿ. ಆಗ ಅದು ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿತ್ತು. ಇಂದು ಕ್ರೊಯೇಷಿಯಾ ದೇಶದಲ್ಲಿದೆ. ತಂದೆ ಚರ್ಚಿನ ಪಾದ್ರಿ. ತಾಯಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಆಕೆಯ ಕೈಗಳಿಗೆ ಎಲ್ಲ ವಿದ್ಯೆಯೂ ಬರುತ್ತಿತ್ತು. ಬೀಜ ಬಿತ್ತಿ, ಗಿಡ ಬೆಳೆಸಿ, ಅದರ ನಾರು ತೆಗೆದು, ನೂಲು ಮಾಡಿ, ಬಟ್ಟೆ ನೇಯುವವರೆಗೆ ಎಲ್ಲವನ್ನೂ ಆಕೆಯೇ ಮಾಡುತ್ತಿದ್ದಳು. ಮನೆಗೆಲಸಕ್ಕೆ ಬೇಕಾದ ಸಲಕರಣೆಗಳನ್ನೂ ತಾನೇ ಯೋಚಿಸಿ ಮಾಡಿಕೊಳ್ಳುತ್ತಿದ್ದಳು. ತನಗೆ ಹೊಸದನ್ನು ಕಂಡುಹಿಡಿಯುವ ಗುಣ ಬಂದದ್ದು ತಾಯಿಯಿಂದ ಎಂದು ಟೆಸ್ಲಾ ಮುಂದೆ ನೆನೆಯುತ್ತಿದ್ದ.

ಪುಟ್ಟ ನಿಕೊಲಾ ಒಂದು ವಿಚಿತ್ರ ಮೋಟಾರು ಮಾಡಿದ್ದ. ತೆಳುವಾದ ಒಂದು ಕಡ್ಡಿಯನ್ನು ತಿರುಗುವಂತೆ ನಿಲ್ಲಿಸಿದ. ಅದರ ಮೇಲೆ ಅಡ್ಡಕಡ್ಡಿ ಕಟ್ಟಿದ. ಬೇಸಿಗೆಯಲ್ಲಿ ಗಿಡಗಳಿಗೆ ಮುತ್ತುವ ದುಂಬಿಗಳನ್ನು ಹಿಡಿದು ಅಡ್ಡಕಡ್ಡಿಗೆ ಸೇರಿಸಿದ. ದುಂಬಿಗಳು ಹಾರಲು ರೆಕ್ಕೆ ಬಡಿದಾಗ ಕಡ್ಡಿ ಗಿರಗಿರನೆ ತಿರುಗಿತು. ಆ ಚಲನೆಯನ್ನು ಒಂದು ಬಿಲ್ಲೆಗೂ ಸಾಗಿಸಿದ. ಅಷ್ಟರಲ್ಲಿ ಹುಡುಗನೊಬ್ಬ ಬಂದು ಆ ದುಂಬಿಗಳನ್ನು ಹಸಿಯಾಗಿಯೇ ತಿಂದುಬಿಟ್ಟ! ನಿಕೊಲಾಗೆ ಅಸಹ್ಯವಾಯಿತು. ದುಂಬಿ ಮೋಟಾರಿನ ಕೆಲಸ ಅಲ್ಲಿಗೇ ನಿಂತಿತು. (ನೀವು ಇದನ್ನು ಮಾಡಬೇಡಿ. ಜೀವಿಗಳನ್ನು ಹಿಂಸಿಸುವುದು ಸರಿಯಲ್ಲ.)

ಅಜ್ಜನ ಗಡಿಯಾರಗಳನ್ನೂ ಆತ ಬಿಡಲಿಲ್ಲ. ಬಿಚ್ಚುವ ಕೆಲಸದಲ್ಲಿ ಯಾವಾಗಲೂ ಗೆಲ್ಲುತ್ತಿದ್ದ. ಮತ್ತೆ ಜೋಡಿಸುವ ಕೆಲಸದಲ್ಲಿ ಹಲವು ಸಲ ಸೋಲುತ್ತಿದ್ದ. ಅಜ್ಜನಿಗೆ ಕೋಪ ಬರದಿರುತ್ತದೆಯೇ? ಗಡಿಯಾರ ಬಿಚ್ಚುವುದಕ್ಕೆ ತಡೆ ಬಿತ್ತು. ಈ ಗಡಿಯಾರದ ಮಾತನ್ನು ನೆನಪಿಡಿ. ಕೊನೆಯಲ್ಲಿ ಬೇಕಾಗುತ್ತದೆ.

ಮಗ ತನ್ನಂತೆ ಪಾದ್ರಿಯಾಗಬೇಕು ಎಂದು ತಂದೆಯ ಆಸೆ. ನಿಕೊಲಾನ ಅಣ್ಣ ಚಿಕ್ಕವನಿದ್ದಾಗಲೇ ಅಪಘಾತದಲ್ಲಿ ತೀರಿಹೋಗಿದ್ದ. ಹಾಗಾಗಿ ತಂದೆಯ ಆಸೆಯೆಲ್ಲ ಇವನ ಮೇಲೆಯೇ ಇತ್ತು. ಪ್ರೌಢಶಾಲೆ ಮುಗಿಸಿ ಊರಿಗೆ ಬಂದಾಗ ನಿಕೊಲಾಗೆ ಕಾಲರಾ ತಗುಲಿತು. ತಿಂಗಳುಗಟ್ಟಲೆ ಹಾಸಿಗೆ ಹಿಡಿದ. ಬದುಕುವ ಭರವಸೆಯೇ ಇರಲಿಲ್ಲ. ಎಂಜಿನಿಯರಿಂಗ್ ಓದಲು ಬಿಟ್ಟರೆ ತಾನು ಉಳಿಯಬಹುದು ಎಂದು ತಂದೆಗೆ ಹೇಳಿದ. ತಂದೆ ಒಪ್ಪಿ ಮಾತು ಕೊಟ್ಟರು. ನಿಕೊಲಾ ಚೇತರಿಸಿಕೊಂಡ. ಮಾತಿನಂತೆ 1875ರಲ್ಲಿ ಗ್ರಾಟ್ಸ್ ಊರಿನ ತಾಂತ್ರಿಕ ಕಾಲೇಜು ಸೇರಿದ.

ಕಿಡಿ ಹಾರಿಸುವ ಯಂತ್ರ

ಗ್ರಾಟ್ಸ್‌ನಲ್ಲಿ ಪ್ರಾಧ್ಯಾಪಕರು ತರಗತಿಗೆ ಒಂದು ಹೊಸ ವಿದ್ಯುತ್ ಯಂತ್ರವನ್ನು ತರಿಸಿದ್ದರು. ಅದು ನೇರ ವಿದ್ಯುತ್ತಿನಿಂದ, ಅಂದರೆ ಡಿ.ಸಿ.ಯಿಂದ ನಡೆಯುವ ಯಂತ್ರ. ತಿರುಗುವ ಭಾಗಕ್ಕೆ ವಿದ್ಯುತ್ ಕೊಡಲು ಅದರಲ್ಲಿ ಬ್ರಷ್‌ಗಳು ಉಜ್ಜುತ್ತಿದ್ದವು. ಉಜ್ಜಿದ ಕಡೆ ಚಟಚಟನೆ ಕಿಡಿ ಹಾರುತ್ತಿತ್ತು. ಬ್ರಷ್ ಇಲ್ಲದ ಮೋಟಾರು ಮಾಡಲಾಗದೇ ಎಂದು ಟೆಸ್ಲಾ ಕೇಳಿದ. ಅದು ಆಗದ ಮಾತು ಎಂದು ಪ್ರಾಧ್ಯಾಪಕರು ತರಗತಿಯಲ್ಲೇ ವಿವರಿಸಿದರು. ಟೆಸ್ಲಾ ಸುಮ್ಮನಾದ. ಆದರೆ ಪ್ರಶ್ನೆ ಸುಮ್ಮನಾಗಲಿಲ್ಲ.

ಆತ ಪದವಿ ಮುಗಿಸಲಿಲ್ಲ. ಬುಡಾಪೆಸ್ಟ್ ನಗರದಲ್ಲಿ ದೂರವಾಣಿ ಕೇಂದ್ರದ ಕೆಲಸಕ್ಕೆ ಸೇರಿದ. 1882ರಲ್ಲಿ ಒಂದು ಸಂಜೆ ಗೆಳೆಯನ ಜೊತೆ ಉದ್ಯಾನದಲ್ಲಿ ನಡೆಯುತ್ತಿದ್ದಾಗ ಉತ್ತರ ಹೊಳೆಯಿತು. ಅಲ್ಲಿಯೇ ಕೋಲಿನಿಂದ ಮರಳಿನ ಮೇಲೆ ಚಿತ್ರ ಬರೆದು ಗೆಳೆಯನಿಗೆ ವಿವರಿಸಿದ.

ಆ ಉತ್ತರ ಏನು? ನೀವು ಮೈದಾನದಲ್ಲಿ ವೃತ್ತಾಕಾರವಾಗಿ ನಿಲ್ಲಿ. ನಡುವೆ ಒಬ್ಬ ಗೆಳೆಯ ನಿಲ್ಲಲಿ. ಒಬ್ಬರಾದ ಮೇಲೊಬ್ಬರು ಸರದಿಯಲ್ಲಿ ಅವನನ್ನು ಕರೆಯಿರಿ. ಕರೆದ ಕಡೆಗೆ ಮುಖ ತಿರುಗಿಸುತ್ತಾ ಅವನು ಒಂದು ಸುತ್ತು ತಿರುಗುತ್ತಾನಲ್ಲವೇ? ಯಾರೂ ಅವನನ್ನು ಮುಟ್ಟಲಿಲ್ಲ. ಟೆಸ್ಲಾನ ಮೋಟಾರೂ ಹಾಗೆಯೇ. ಸುತ್ತಲೂ ತಂತಿಯ ಸುರುಳಿಗಳಿರುತ್ತವೆ. ಅವುಗಳಲ್ಲಿ ಪರ್ಯಾಯ ವಿದ್ಯುತ್, ಅಂದರೆ ಎ.ಸಿ. ಸರದಿಯಂತೆ ಏರಿ ಇಳಿಯುತ್ತದೆ. ಕಾಂತದ ಸೆಳೆತ ಸುತ್ತುತ್ತಾ ಹೋಗುತ್ತದೆ. ನಡುವಿನ ಭಾಗ ಅದನ್ನು ಹಿಂಬಾಲಿಸಿ ತಿರುಗುತ್ತದೆ. ಬ್ರಷ್ ಬೇಡ, ಕಿಡಿ ಇಲ್ಲ. ನಿಮ್ಮೂರಿನ ಹಿಟ್ಟಿನ ಗಿರಣಿಯಲ್ಲಿ, ಹೊಲದ ಪಂಪ್‌ಸೆಟ್ಟಿನಲ್ಲಿ ಇರುವುದು ಸಾಮಾನ್ಯವಾಗಿ ಇದೇ ಬಗೆಯ ಮೋಟಾರು.

ಗುಂಡಿ ತೋಡಿದ ಎಂಜಿನಿಯರ್

1884ರಲ್ಲಿ ಟೆಸ್ಲಾ ಅಮೆರಿಕದ ನ್ಯೂಯಾರ್ಕಿಗೆ ಬಂದ. ಎಡಿಸನ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಅಲ್ಲಿನ ಯಂತ್ರಗಳನ್ನು ಸುಧಾರಿಸಿದರೆ 50,000 ಡಾಲರ್ ಕೊಡುವುದಾಗಿ ವ್ಯವಸ್ಥಾಪಕ ಹೇಳಿದ್ದನಂತೆ. ಹಗಲಿರುಳು ದುಡಿದು ಕೆಲಸ ಮುಗಿಸಿದ ಮೇಲೆ ಅದು ಬರೀ ತಮಾಷೆ ಎಂದು ತಿಳಿಯಿತು ಎಂದು ಟೆಸ್ಲಾ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಆತ ಕೆಲಸ ಬಿಟ್ಟ.

ಮುಂದೆ ಬೇರೆಯವರೊಡನೆ ಸೇರಿ ದೀಪದ ಕಂಪನಿ ತೆರೆದ. ಕಂಪನಿ ನಿಂತ ಮೇಲೆ ಪಾಲುದಾರರು ಆತನನ್ನೇ ಹೊರಗೆ ಹಾಕಿದರು. 1886-87ರ ಚಳಿಗಾಲದಲ್ಲಿ ಹೊಟ್ಟೆಪಾಡಿಗಾಗಿ ಆತ ಬೀದಿಯಲ್ಲಿ ಕಾಲುವೆ ತೋಡುವ ಕೂಲಿ ಮಾಡಿದ. ಪ್ರಪಂಚವನ್ನೇ ಬದಲಿಸುವ ಮೋಟಾರು ತಲೆಯಲ್ಲಿತ್ತು, ಗುದ್ದಲಿ ಕೈಯಲ್ಲಿತ್ತು.

ಆ ಕೂಲಿ ಕೆಲಸದ ಮೇಸ್ತ್ರಿಯ ಮೂಲಕವೇ ಸಹಾಯ ಮಾಡುವವರ ಪರಿಚಯವಾಯಿತು. ಸಣ್ಣ ಪ್ರಯೋಗಾಲಯ ಸಿಕ್ಕಿತು. 1888ರಲ್ಲಿ ಎ.ಸಿ. ಮೋಟಾರಿನ ಪೇಟೆಂಟುಗಳು ಬಂದವು. ಪೇಟೆಂಟ್ ಎಂದರೆ ಹೊಸದನ್ನು ಕಂಡುಹಿಡಿದವನಿಗೆ ಸರ್ಕಾರ ಕೊಡುವ ಹಕ್ಕುಪತ್ರ. ಗೊತ್ತಾದ ಅವಧಿಯವರೆಗೆ ಅವನ ಒಪ್ಪಿಗೆಯಿಲ್ಲದೆ ಬೇರೆಯವರು ಅದನ್ನು ಮಾಡಿ ಮಾರುವಂತಿಲ್ಲ. ಜಾರ್ಜ್ ವೆಸ್ಟಿಂಗ್‌ಹೌಸ್ ಎಂಬ ಉದ್ಯಮಿ ಹಣ ಕೊಟ್ಟು ಟೆಸ್ಲಾನ ಪೇಟೆಂಟುಗಳನ್ನು ಬಳಸತೊಡಗಿದ. 1893ರಲ್ಲಿ ಷಿಕಾಗೋದ ವಿಶ್ವ ಮೇಳ ಎ.ಸಿ. ದೀಪಗಳಿಂದ ಬೆಳಗಿತು. 1896ರಲ್ಲಿ ನಯಾಗರಾ ಜಲಪಾತದ ವಿದ್ಯುತ್ ಬಫಲೋ ನಗರವನ್ನು ಮುಟ್ಟಿತು. 1902ರಲ್ಲಿ ನಮ್ಮ ಶಿವನಸಮುದ್ರದಿಂದ ಸುಮಾರು 150 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗಳಿಗೆ ವಿದ್ಯುತ್ ಸಾಗಿಸಿದ್ದೂ ಎ.ಸಿ. ವಿಧಾನದಲ್ಲಿಯೇ.

ತಂತಿಯಿಲ್ಲದೆ

ತಂತಿಯಲ್ಲಿ ವಿದ್ಯುತ್ ಸಾಗಿಸಿದ್ದಾಯಿತು. ತಂತಿಯೇ ಇಲ್ಲದೆ ಏನನ್ನಾದರೂ ಸಾಗಿಸಬಹುದೇ? ಜರ್ಮನಿಯ ಹೈನ್ರಿಚ್ ಹರ್ಟ್ಸ್ 1888ರ ಹೊತ್ತಿಗೆ ಒಂದು ಸಂಗತಿ ತೋರಿಸಿದ್ದ. ವಿದ್ಯುತ್ ಕಿಡಿ ಹಾರಿದಾಗ ಕಣ್ಣಿಗೆ ಕಾಣದ ಅಲೆಗಳು ಹೊರಟು ದೂರಕ್ಕೆ ಹೋಗುತ್ತವೆ. ಅವೇ ರೇಡಿಯೊ ಅಲೆಗಳು. ನಮ್ಮ ದೇಶದಲ್ಲಿ ಜಗದೀಶ ಚಂದ್ರ ಬೋಸರು 1895ರಲ್ಲಿ ಕೊಲ್ಕತ್ತದಲ್ಲಿ ಇಂತಹ ಅಲೆಗಳಿಂದ ದೂರದ ಗಂಟೆ ಬಾರಿಸಿ, ಸಿಡಿಮದ್ದು ಸಿಡಿಸಿ ತೋರಿಸಿದರು. ಇಟಲಿಯ ಮಾರ್ಕೋನಿ ಸಂದೇಶ ಕಳುಹಿಸುವ ಪ್ರಯತ್ನದಲ್ಲಿದ್ದ.

ಟೆಸ್ಲಾ ಇದೇ ದಾರಿಯಲ್ಲಿದ್ದಾಗ 1895ರ ಮಾರ್ಚ್ 13ರಂದು ಆತನ ಪ್ರಯೋಗಾಲಯಕ್ಕೆ ಬೆಂಕಿ ಬಿತ್ತು. ಉಪಕರಣಗಳು, ಟಿಪ್ಪಣಿಗಳು ಎಲ್ಲವೂ ಬೂದಿಯಾದವು. ವಿಮೆಯೂ ಇರಲಿಲ್ಲ. ಆತ ಮತ್ತೊಂದು ಪ್ರಯೋಗಾಲಯ ಕಟ್ಟಿದ. ಅಲ್ಲಿಯೇ ಆ ದೋಣಿ ಹುಟ್ಟಿತು.

ಕೊಳದಲ್ಲಿ ದೋಣಿ

1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಸಭಾಂಗಣದಲ್ಲಿ ವಿದ್ಯುತ್ ಪ್ರದರ್ಶನ ನಡೆಯಿತು. ಟೆಸ್ಲಾ ಅಲ್ಲಿ ನೀರು ತುಂಬಿದ ಕೊಳ ಮಾಡಿಸಿದ. ಅದರಲ್ಲಿ ಸುಮಾರು ನಾಲ್ಕು ಅಡಿ ಉದ್ದದ ಕಬ್ಬಿಣದ ದೋಣಿಯನ್ನು ಬಿಟ್ಟ. ಪುಟ್ಟ ದೀಪಗಳಿದ್ದವು, ಮೇಲೆ ಒಂದು ಲೋಹದ ಕಂಬಿ ನಿಂತಿತ್ತು. ಟೆಸ್ಲಾ ದಡದಲ್ಲಿ ನಿಂತು ಒಂದು ಪೆಟ್ಟಿಗೆಯ ಹಿಡಿ ತಿರುಗಿಸಿದ. ದೋಣಿ ಹೊರಟಿತು, ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು, ದೀಪ ಮಿನುಗಿಸಿತು.

ಜನರಿಗೆ ನಂಬಲಾಗಲಿಲ್ಲ. ರೇಡಿಯೊ ಎಂಬ ಪದವೇ ಹೆಚ್ಚಿನವರಿಗೆ ಗೊತ್ತಿರದ ಕಾಲ ಅದು. ದೋಣಿಯೊಳಗೆ ಪಳಗಿಸಿದ ಕೋತಿ ಇದೆ ಎಂದರು ಕೆಲವರು. ಟೆಸ್ಲಾ ಮನಸ್ಸಿನ ಶಕ್ತಿಯಿಂದ ನಡೆಸುತ್ತಿದ್ದಾನೆ ಎಂದರು ಇನ್ನು ಕೆಲವರು. ಟೆಸ್ಲಾಗೂ ತಮಾಷೆ ಬೇಕಿತ್ತು. ದೋಣಿಯನ್ನೇ ಪ್ರಶ್ನೆ ಕೇಳಿ ಎಂದು ಜನರಿಗೆ ಹೇಳಿದ. 64ರ ಘನಮೂಲ ಎಷ್ಟು ಎಂದು ಒಬ್ಬರು ಕೇಳಿದಾಗ ದೋಣಿಯ ದೀಪ ನಾಲ್ಕು ಸಲ ಮಿನುಗಿತಂತೆ. ಉತ್ತರ ಗೊತ್ತಿದ್ದದ್ದು ದೋಣಿಗಲ್ಲ, ಹಿಡಿ ಹಿಡಿದವನಿಗೆ!

ಪೇಟೆಂಟ್ ಕಚೇರಿಯವರೂ ಮೊದಲು ನಂಬಲಿಲ್ಲ. ಹಿರಿಯ ಪರೀಕ್ಷಕರೇ ನ್ಯೂಯಾರ್ಕಿಗೆ ಬಂದು ದೋಣಿ ಓಡುವುದನ್ನು ಕಣ್ಣಾರೆ ಕಂಡ ಮೇಲೆ 1898ರ ನವೆಂಬರ್ 8ರಂದು ಪೇಟೆಂಟ್ ಕೊಟ್ಟರು. ಅದರ ಸಂಖ್ಯೆ 6,13,809. ಆ ಪೇಟೆಂಟಿನ ಹೆಸರಿನಲ್ಲಿ ದೋಣಿಗಳ ಜೊತೆಗೆ ನೆಲದ ಮೇಲಿನ ವಾಹನಗಳೂ ಸೇರಿವೆ. ಹಾಗಾಗಿ ನಿಮ್ಮ ರಿಮೋಟ್ ಕಾರಿನ ವಂಶವೃಕ್ಷವನ್ನು ಹಿಂದಕ್ಕೆ ಹುಡುಕುತ್ತಾ ಹೋದರೆ ಈ ದೋಣಿಯನ್ನು ಮುಟ್ಟುತ್ತೀರಿ.

ದೋಣಿಯ ಹೊಟ್ಟೆಯಲ್ಲಿ

ದೋಣಿಯೊಳಗೆ ಕೋತಿ ಇರಲಿಲ್ಲ. ಇದ್ದದ್ದು ಇವು.

ಒಂದು, ಆಂಟೆನಾ. ಮೇಲೆ ನಿಂತ ಲೋಹದ ಕಂಬಿಯೇ ಅದು. ದಡದ ಪೆಟ್ಟಿಗೆಯಿಂದ ಹೊರಟ ಅಲೆಗಳನ್ನು ಅದು ಹಿಡಿಯುತ್ತಿತ್ತು.

ಎರಡು, ಗ್ರಾಹಕ. ಇದು ಲೋಹದ ಪುಡಿಯಿದ್ದ ಒಂದು ಸಣ್ಣ ಡಬ್ಬಿ. ಪುಡಿ ಸಡಿಲವಾಗಿದ್ದಾಗ ಅದರ ಮೂಲಕ ವಿದ್ಯುತ್ ಸರಿಯಾಗಿ ಹರಿಯುವುದಿಲ್ಲ. ರೇಡಿಯೊ ಅಲೆ ಬಂದ ಕೂಡಲೇ ಪುಡಿಯ ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ವಿದ್ಯುತ್ ಹರಿಯುತ್ತದೆ. ಆದರೆ ಒಮ್ಮೆ ಅಂಟಿಕೊಂಡ ಕಣಗಳು ತಾವಾಗಿ ಬಿಡುವುದಿಲ್ಲ. ಮುಂದಿನ ಸಂಕೇತ ತಿಳಿಯುವುದು ಹೇಗೆ? ಪ್ರತಿ ಸಂಕೇತದ ನಂತರ ಡಬ್ಬಿಯೇ ತಲೆಕೆಳಗಾಗುವಂತೆ ಟೆಸ್ಲಾ ಮಾಡಿದ್ದ. ಪುಡಿ ಉದುರಿ ಮತ್ತೆ ಸಡಿಲವಾಗುತ್ತಿತ್ತು.

ಮೂರು, ಹೆಜ್ಜೆ ಹಾಕುವ ಚಕ್ರ. ಒಂದೊಂದು ಸಂಕೇತಕ್ಕೂ ಅದು ಒಂದೊಂದು ಹೆಜ್ಜೆ ತಿರುಗುತ್ತಿತ್ತು. ಒಂದು ಹೆಜ್ಜೆಗೆ ಚುಕ್ಕಾಣಿ ಒಂದು ಕಡೆ ತಿರುಗಬೇಕು, ಮುಂದಿನ ಹೆಜ್ಜೆಗೆ ನಿಲ್ಲಬೇಕು, ಅದರ ಮುಂದಿನದಕ್ಕೆ ಇನ್ನೊಂದು ಕಡೆ ತಿರುಗಬೇಕು, ಹೀಗೆ. ಗಡಿಯಾರದ ಒಳಗೆ ಟಿಕ್ ಟಿಕ್ ಎಂದು ಒಂದೊಂದೇ ಹಲ್ಲು ಜರುಗುವ ಚಕ್ರವನ್ನು ನೋಡಿದ್ದೀರಾ? ಇದೂ ಅಂತಹದೇ ಏರ್ಪಾಡು.

ನಾಲ್ಕು, ಮೋಟಾರುಗಳು. ಒಂದು ದೋಣಿಯನ್ನು ಮುಂದೆ ತಳ್ಳಲು, ಇನ್ನೊಂದು ಚುಕ್ಕಾಣಿ ತಿರುಗಿಸಲು.

ಐದು, ಬ್ಯಾಟರಿ. ದೋಣಿ ನಡೆಯಲು ಬೇಕಾದ ಶಕ್ತಿ ಬರುತ್ತಿದ್ದುದು ಇದರಿಂದ. ದಡದಿಂದ ಬರುತ್ತಿದ್ದುದು ಅಪ್ಪಣೆ ಮಾತ್ರ.

ಈ ಐದನೆಯ ಮಾತು ಮುಖ್ಯ. ರಿಮೋಟು ಕಾರನ್ನು ತಳ್ಳುವುದಿಲ್ಲ. ಏನು ಮಾಡಬೇಕೆಂದು ತಿಳಿಸುತ್ತದೆ, ಅಷ್ಟೇ. ತಳ್ಳುವ ಬಲ ಕಾರಿನ ಬ್ಯಾಟರಿಯದ್ದು.

ಇನ್ನೊಂದು ತೊಡಕಿತ್ತು. ಬೇರೆ ಯಾರಾದರೂ ಅಲೆ ಕಳುಹಿಸಿದರೆ ದೋಣಿ ಅವರ ಮಾತನ್ನೂ ಕೇಳುತ್ತದಲ್ಲ? ಇದಕ್ಕೆ ಟೆಸ್ಲಾ ಎರಡು ಬೀಗದ ಉಪಾಯ ಮಾಡಿದ. ಎರಡು ಬೇರೆ ಬೇರೆ ಆವೃತ್ತಿಯ ಅಲೆಗಳು ಬಂದರೆ ಮಾತ್ರ ಯಂತ್ರ ಕೆಲಸ ಮಾಡಬೇಕು. ಒಂದೇ ಬಂದರೆ ಸುಮ್ಮನಿರಬೇಕು. ಇದಕ್ಕೆ 1903ರಲ್ಲಿ ಪೇಟೆಂಟುಗಳು ಸಿಕ್ಕವು. ಅಗ್ಗದ ರಿಮೋಟ್ ಕಾರುಗಳಲ್ಲಿ ಈ ತೊಡಕನ್ನು ನೀವೇ ನೋಡಬಹುದು. 27 ಮೆಗಾಹರ್ಟ್ಸ್ ಆವೃತ್ತಿಯ ಎರಡು ಕಾರುಗಳನ್ನು ಒಟ್ಟಿಗೆ ಓಡಿಸಿದರೆ ಎಷ್ಟೋ ಸಲ ಒಬ್ಬನ ರಿಮೋಟಿಗೆ ಇನ್ನೊಬ್ಬನ ಕಾರು ಓಡುತ್ತದೆ. 2.4 ಗಿಗಾಹರ್ಟ್ಸ್ ಆವೃತ್ತಿಯ ಹೊಸ ರಿಮೋಟುಗಳಲ್ಲಿ ಪ್ರತಿ ಕಾರೂ ತನ್ನ ರಿಮೋಟಿನ ಗುರುತನ್ನು ತಿಳಿದಿರುತ್ತದೆ.

ನಕ್ಕ ಅಧಿಕಾರಿ

ದೋಣಿಗೆ ಒಳ್ಳೆಯ ಬೆಲೆ ಬರುತ್ತದೆ ಎಂದು ಟೆಸ್ಲಾ ನಂಬಿದ್ದ. ಆ ವರ್ಷವೇ ಅಮೆರಿಕ ಮತ್ತು ಸ್ಪೇನ್ ನಡುವೆ ಯುದ್ಧ ನಡೆದಿತ್ತು. ನಾವಿಕರಿಲ್ಲದೆ ನಡೆಯುವ ಹಡಗು ಸರ್ಕಾರಕ್ಕೆ ಬೇಕಾಗಬಹುದು ಎಂದುಕೊಂಡು ವಾಷಿಂಗ್ಟನ್ನಿನ ಒಬ್ಬ ಅಧಿಕಾರಿಯ ಬಳಿ ಹೋಗಿ ವಿವರಿಸಿದ. ಅಧಿಕಾರಿ ಗಹಗಹಿಸಿ ನಕ್ಕುಬಿಟ್ಟ. ಇಂತಹದು ನಿಜವಾಗಿ ಕೆಲಸಕ್ಕೆ ಬರುತ್ತದೆ ಎಂದು ಆಗ ಯಾರಿಗೂ ಅನ್ನಿಸಲಿಲ್ಲ. ಪೇಟೆಂಟಿನ ಅವಧಿ 17 ವರ್ಷ. 1915ರಲ್ಲಿ ಅದು ಮುಗಿಯಿತು. ಟೆಸ್ಲಾನ ಕೈಗೆ ಅದರಿಂದ ಹಣ ಬರಲಿಲ್ಲ.

ದೋಣಿಯನ್ನು ಆತ ಆಟಿಕೆ ಎಂದು ಎಣಿಸಿರಲಿಲ್ಲ. ಮನುಷ್ಯರ ಬದಲು ಕಷ್ಟದ ಕೆಲಸ ಮಾಡುವ ಯಂತ್ರಗಳ ವಂಶದಲ್ಲಿ ಇದು ಮೊದಲನೆಯದು, ಮುಂದೆ ತಾವೇ ಯೋಚಿಸುವ ಯಂತ್ರಗಳೂ ಬರುತ್ತವೆ ಎಂದು ಆತ ಬರೆದ. ರೋಬೋಟ್ ಎಂಬ ಪದ ಹುಟ್ಟಿದ್ದು ಇದಾದ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೇಲೆ.

ತೆರೆಯದ ಪೆಟ್ಟಿಗೆ

ಮುಂದೆ ಟೆಸ್ಲಾ ಇನ್ನೂ ದೊಡ್ಡ ಕನಸಿಗೆ ಕೈ ಹಾಕಿದ. ಪ್ರಪಂಚಕ್ಕೆಲ್ಲ ತಂತಿಯಿಲ್ಲದೆ ಸಂದೇಶವನ್ನೂ ವಿದ್ಯುತ್ತನ್ನೂ ಕಳುಹಿಸಬೇಕೆಂದು 1901ರಲ್ಲಿ ವಾರ್ಡನ್‌ಕ್ಲಿಫ್ ಎಂಬಲ್ಲಿ ಗೋಪುರ ಕಟ್ಟಲು ಆರಂಭಿಸಿದ. ಜೆ. ಪಿ. ಮಾರ್ಗನ್ ಎಂಬ ಶ್ರೀಮಂತ ಒಂದೂವರೆ ಲಕ್ಷ ಡಾಲರ್ ಕೊಟ್ಟಿದ್ದ. ಹಣ ಸಾಲಲಿಲ್ಲ. ಅದೇ ಡಿಸೆಂಬರಿನಲ್ಲಿ ಮಾರ್ಕೋನಿ ಕಡಿಮೆ ಖರ್ಚಿನಲ್ಲಿ ಅಟ್ಲಾಂಟಿಕ್ ಸಾಗರದಾಚೆಗೆ ಸಂಕೇತ ಕಳುಹಿಸಿದ. ಮಾರ್ಗನ್ ಮತ್ತೆ ಹಣ ಕೊಡಲಿಲ್ಲ. 1917ರಲ್ಲಿ ಗೋಪುರವನ್ನು ಕೆಡವಿದರು. ಟೆಸ್ಲಾನ ಎಲ್ಲ ಎಣಿಕೆಗಳೂ ಸರಿಯಾಗಿರಲಿಲ್ಲ. ಆತ ಬಯಸಿದಂತೆ ಜಗತ್ತಿಗೆಲ್ಲ ತಂತಿಯಿಲ್ಲದೆ ವಿದ್ಯುತ್ ಹಂಚುವುದು ಇಂದಿಗೂ ಆಗಿಲ್ಲ.

ಕೊನೆಯ ವರ್ಷಗಳಲ್ಲಿ ಆತ ಹೋಟೆಲಿನ ಕೋಣೆಗಳಲ್ಲಿ ಒಂಟಿಯಾಗಿ ಬದುಕಿದ. ಪಾರಿವಾಳಗಳಿಗೆ ಕಾಳು ಹಾಕುವುದು ಆತನ ಪ್ರೀತಿಯ ಕೆಲಸ. ಬಾಡಿಗೆಗೆ ಹಣವಿಲ್ಲದಾಗ ಒಂದು ಹೋಟೆಲಿಗೆ ಮರದ ಪೆಟ್ಟಿಗೆಯೊಂದನ್ನು ಅಡವಾಗಿ ಕೊಟ್ಟ. ಒಳಗೆ ಬಹಳ ಅಪಾಯಕಾರಿ ಯಂತ್ರವಿದೆ, ತೆರೆಯಬಾರದು ಎಂದು ಎಚ್ಚರಿಸಿದ. ಹೆದರಿದ ನೌಕರರು ಅದನ್ನು ಹಾಗೆಯೇ ಇಟ್ಟಿದ್ದರು. 1943ರ ಜನವರಿ 7ರಂದು, 86ನೆಯ ವಯಸ್ಸಿನಲ್ಲಿ ಟೆಸ್ಲಾ ತೀರಿಕೊಂಡ. ಆಮೇಲೆ ಒಬ್ಬ ಎಂಜಿನಿಯರ್ ಧೈರ್ಯ ಮಾಡಿ ಪೆಟ್ಟಿಗೆ ತೆರೆದ. ಒಳಗೆ ಇದ್ದದ್ದು ವಿದ್ಯುತ್ ರೋಧವನ್ನು ಅಳೆಯಲು ಬಳಸುವ ಸಾಮಾನ್ಯ ಪೆಟ್ಟಿಗೆ. ಅಂತಹದನ್ನು ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯಗಳಲ್ಲಿ ಕಾಣಬಹುದು. ತೆರೆದು ನೋಡದ ಪೆಟ್ಟಿಗೆ ಎಷ್ಟು ಬೇಕಾದರೂ ಬೆಲೆ ಹೇಳಬಲ್ಲದು!

1960ರಲ್ಲಿ ಕಾಂತಕ್ಷೇತ್ರದ ಬಲವನ್ನು ಅಳೆಯುವ ಅಂತರರಾಷ್ಟ್ರೀಯ ಮಾನಕ್ಕೆ ಟೆಸ್ಲಾ ಎಂದು ಹೆಸರಿಟ್ಟರು. ಆಸ್ಪತ್ರೆಯ ಎಂ.ಆರ್.ಐ. ಯಂತ್ರದ ಬಲವನ್ನು ಹೇಳುವಾಗ ಇಂದಿಗೂ ಆತನ ಹೆಸರನ್ನೇ ಹೇಳುತ್ತಾರೆ.

ಚಂದ್ರನ ಮೇಲಿನ ರಿಮೋಟ್ ಗಾಡಿ

ಅಧಿಕಾರಿ ನಕ್ಕ ಆ ಆಟಿಕೆ ಎಲ್ಲಿಯವರೆಗೆ ಹೋಯಿತು ನೋಡಿ. 2023ರ ಆಗಸ್ಟ್ 23ರಂದು ನಮ್ಮ ಚಂದ್ರಯಾನ-3 ಚಂದ್ರನ ಮೇಲೆ ಇಳಿಯಿತು. ಅದರಿಂದ ಪ್ರಜ್ಞಾನ್ ಎಂಬ 26 ಕಿ.ಗ್ರಾಂ. ತೂಕದ, ಆರು ಚಕ್ರದ ಗಾಡಿ ಹೊರಬಂತು. ಅದಕ್ಕೆ ಅಪ್ಪಣೆ ಹೋಗುತ್ತಿದ್ದುದು ಬೆಂಗಳೂರಿನಿಂದ. ಹತ್ತಿರದ ಬ್ಯಾಲಾಳುವಿನಲ್ಲಿರುವ ದೊಡ್ಡ ಆಂಟೆನಾ ಅಲೆಗಳನ್ನು ಕಳುಹಿಸುತ್ತಿತ್ತು. ಚಂದ್ರನ ಮೇಲೆ ನಿಂತ ವಿಕ್ರಮ್ ಅದನ್ನು ಹಿಡಿದು ಗಾಡಿಗೆ ತಲುಪಿಸುತ್ತಿತ್ತು. ಅಲೆ ಚಂದ್ರನನ್ನು ಮುಟ್ಟಲು ಸುಮಾರು 1.3 ಸೆಕೆಂಡು ಬೇಕು. ಒಮ್ಮೆ ಗಾಡಿಯ ಎದುರು ನಾಲ್ಕು ಮೀಟರ್ ಅಗಲದ ಕುಳಿ ಕಂಡಿತು. ಹಿಂದಕ್ಕೆ ಬರಲು ಅಪ್ಪಣೆ ಹೋಯಿತು. ಗಾಡಿ ಬೇರೆ ದಾರಿ ಹಿಡಿಯಿತು. ಒಟ್ಟು ನೂರು ಮೀಟರಿಗೂ ಹೆಚ್ಚು ದೂರ ಓಡಾಡಿತು. ಆಂಟೆನಾ, ಗ್ರಾಹಕ, ಮೋಟಾರು, ಬ್ಯಾಟರಿ: ಟೆಸ್ಲಾನ ದೋಣಿಯಲ್ಲಿದ್ದ ಇವೆಲ್ಲವೂ ಅದರಲ್ಲಿದ್ದವು.

ಹಾಗಾದರೆ ಕಿಟ್ ಕೊಳ್ಳಬೇಕೇ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಜಪಾನಿನ ತಮಿಯಾ ಕಂಪನಿ 1976ರಲ್ಲಿಯೇ ರೇಡಿಯೊದಿಂದ ಓಡುವ ಕಾರಿನ ಕಿಟ್ ತಯಾರಿಸಿ ಮಾರಿತು. ಅಲ್ಲಿಂದ ಈ ಹವ್ಯಾಸ ಬಹಳ ಬೆಳೆದಿದೆ. ಕಿಟ್‌ಗೂ ಜಾತ್ರೆಯ ಕಾರಿಗೂ ಇರುವ ವ್ಯತ್ಯಾಸ ಇಷ್ಟು.

ಜಾತ್ರೆಯ ಕಾರಿನಲ್ಲಿ ಗ್ರಾಹಕವೂ ಮೋಟಾರು ನಡೆಸುವ ಭಾಗವೂ ಒಂದೇ ಹಲಗೆಯ ಮೇಲಿರುತ್ತವೆ. ಒಂದು ಕೆಟ್ಟರೆ ಎಲ್ಲವೂ ಕೆಟ್ಟಂತೆ. ಬಿಡಿಭಾಗ ಸಿಗುವುದಿಲ್ಲ. ಅಗ್ಗದ ಕಾರುಗಳಲ್ಲಿ ಗುಂಡಿ ಒತ್ತಿದರೆ ಪೂರ್ತಿ ವೇಗ, ಬಿಟ್ಟರೆ ಪೂರ್ತಿ ನಿಲುಗಡೆ. ಕಿಟ್‌ನಲ್ಲಿ ಗ್ರಾಹಕ, ವೇಗ ನಿಯಂತ್ರಕ, ಚಕ್ರ ತಿರುಗಿಸುವ ಸರ್ವೋ, ಮೋಟಾರು, ಬ್ಯಾಟರಿ ಬೇರೆ ಬೇರೆ ಇರುತ್ತವೆ. ಕೆಟ್ಟದ್ದನ್ನು ಮಾತ್ರ ಬದಲಿಸಬಹುದು. ಬೆರಳನ್ನು ಸ್ವಲ್ಪ ಒತ್ತಿದರೆ ಸ್ವಲ್ಪ ವೇಗ, ಹೆಚ್ಚು ಒತ್ತಿದರೆ ಹೆಚ್ಚು ವೇಗ. ಗೇರು ಬದಲಿಸಿ ವೇಗ ಹೆಚ್ಚಿಸಬಹುದು, ಇಲ್ಲವೇ ಎಳೆಯುವ ಬಲ ಹೆಚ್ಚಿಸಬಹುದು. ಎರಡೂ ಒಟ್ಟಿಗೆ ಸಿಗುವುದಿಲ್ಲ ಎಂಬ ಪಾಠವೂ ಅಲ್ಲಿಯೇ ಸಿಗುತ್ತದೆ. ದುಬಾರಿ ಕಾರುಗಳಲ್ಲಿ ಬ್ರಷ್‌ಲೆಸ್ ಮೋಟಾರು ಇರುತ್ತದೆ. ಬ್ರಷ್ ಇಲ್ಲದೆ, ಸುತ್ತುವ ಕಾಂತಕ್ಷೇತ್ರದಿಂದ ತಿರುಗುವ ಮೋಟಾರು. ಗ್ರಾಟ್ಸ್‌ನ ತರಗತಿಯಲ್ಲಿ ಟೆಸ್ಲಾ ಕೇಳಿದ ಪ್ರಶ್ನೆ ನೆನಪಾಯಿತೇ?

ಆದರೆ ಖರ್ಚು ಡಬ್ಬಿಯ ಬೆಲೆಗೆ ನಿಲ್ಲುವುದಿಲ್ಲ. ಅನೇಕ ಕಿಟ್‌ಗಳಲ್ಲಿ ರಿಮೋಟ್, ಬ್ಯಾಟರಿ, ಚಾರ್ಜರ್ ಬೇರೆಯಾಗಿ ಕೊಳ್ಳಬೇಕು. ಟೈರು, ಗೇರು ಸವೆಯುತ್ತವೆ. ಬ್ಯಾಟರಿ ಕೆಲವು ವರ್ಷಗಳಲ್ಲಿ ಸೋಲುತ್ತದೆ. ಲಿಥಿಯಂ ಪಾಲಿಮರ್ ಬ್ಯಾಟರಿಗೆ ಏಟು ಬಿದ್ದರೆ ಅಥವಾ ತಪ್ಪಾಗಿ ಚಾರ್ಜ್ ಮಾಡಿದರೆ ಬೆಂಕಿಯೂ ಹತ್ತಬಹುದು. ದೊಡ್ಡವರು ಜೊತೆಗಿಲ್ಲದೆ ಅದನ್ನು ಮುಟ್ಟಬಾರದು.

ಆದ್ದರಿಂದ ನನ್ನ ಉತ್ತರ ಇದು. ಬರೀ ಓಡಿಸಿ ಖುಷಿಪಡಲು ಕಿಟ್‌ಗೆ ಅಷ್ಟು ಹಣ ಕೊಡಬೇಕಿಲ್ಲ. ಬೇರೆಯವರು ಜೋಡಿಸಿ ಕೊಟ್ಟು, ಕೆಟ್ಟಾಗ ಮೂಲೆಗೆ ಬೀಳುವುದಾದರೆ ಹತ್ತು ಸಾವಿರದ ಕಾರೂ ಮುನ್ನೂರರ ಕಾರೂ ಒಂದೇ. ನೀವೇ ಜೋಡಿಸುವುದಾದರೆ, ಕೆಟ್ಟಾಗ ನೀವೇ ಬಿಚ್ಚಿ ಸರಿಮಾಡುವುದಾದರೆ, ಬಿಡಿಭಾಗ ಸಿಗುವುದಾದರೆ ಅದು ಹಣಕ್ಕೆ ತಕ್ಕ ವಸ್ತು. ಒಬ್ಬರ ಮನೆಗೆ ಅದು ಭಾರವಾಗಬಹುದು. ಶಾಲೆಯ ವಿಜ್ಞಾನ ಸಂಘಕ್ಕೆ ಯಾರಾದರೂ ದಾನಿಗಳು ಒಂದು ಕಿಟ್ ಕೊಟ್ಟರೆ ನಲವತ್ತು ಮಕ್ಕಳು ವರ್ಷಗಟ್ಟಲೆ ಕಲಿಯಬಹುದು.

ಅಪ್ಪ ಅಮ್ಮನನ್ನು ಕಾಡಿ ಸಾಲ ಮಾಡಿಸಿ ಕೊಳ್ಳುವ ವಸ್ತು ಮಾತ್ರ ಇದು ಖಂಡಿತ ಅಲ್ಲ. ಟೆಸ್ಲಾ ಕಲಿತದ್ದು ಅಜ್ಜನ ಗಡಿಯಾರದಿಂದ. ನಿಮ್ಮ ಅಟ್ಟದ ಮೇಲೆ ಕೆಟ್ಟ ಕಾರು ಇದ್ದೇ ಇದೆಯಲ್ಲ!

ಮಾಡಿ ನೋಡಿ

1. ಕೆಟ್ಟ ರಿಮೋಟ್ ಕಾರಿನ ಸೆಲ್ಲುಗಳನ್ನು ಮೊದಲು ತೆಗೆಯಿರಿ. ಸ್ಕ್ರೂ ಬಿಚ್ಚಿ ಒಳಗೆ ನೋಡಿ. ಆಂಟೆನಾ ತಂತಿ, ಗ್ರಾಹಕದ ಹಲಗೆ, ಮೋಟಾರು, ಗೇರುಗಳನ್ನು ಗುರುತಿಸಿ. ಗೇರಿನ ಹಲ್ಲುಗಳನ್ನು ಎಣಿಸಿ ಬರೆಯಿರಿ. ಬಿಚ್ಚುವಾಗ ಪ್ರತಿ ಹಂತದ ಚಿತ್ರ ಬರೆದುಕೊಳ್ಳಿ. ಆಗ ಮತ್ತೆ ಜೋಡಿಸಬಹುದು. ಮನೆಯ ಪ್ಲಗ್ಗಿಗೆ ಹಾಕುವ ಯಾವ ವಸ್ತುವನ್ನೂ ಬಿಚ್ಚಬೇಡಿ. ಬ್ಯಾಟರಿಯನ್ನು ಒಡೆಯಬೇಡಿ.

2. ಹಳೆಯ ಟ್ರಾನ್ಸಿಸ್ಟರ್ ರೇಡಿಯೊದಲ್ಲಿ ಮೀಡಿಯಂ ವೇವ್ ಇಟ್ಟು, ಯಾವ ನಿಲಯವೂ ಬಾರದ ಕಡೆ ಮುಳ್ಳನ್ನು ನಿಲ್ಲಿಸಿ. 1.5 ವೋಲ್ಟ್ ಸೆಲ್ಲಿನ ಒಂದು ತುದಿಯಿಂದ ತಂತಿ ತಂದು ಕಬ್ಬಿಣದ ಅರಕ್ಕೆ ಸುತ್ತಿ. ಇನ್ನೊಂದು ತುದಿಯ ತಂತಿಯಿಂದ ಅರದ ಮೈಯನ್ನು ರೇಡಿಯೊದ ಹತ್ತಿರ ಕ್ಷಣಕಾಲ ಗೀರಿ. ಬಹಳ ಹೊತ್ತು ಗೀರಿದರೆ ತಂತಿ ಬಿಸಿಯಾಗುತ್ತದೆ. ರೇಡಿಯೊದಲ್ಲಿ ಚರಚರ ಸದ್ದು ಕೇಳುತ್ತದೆ. ಕಿಡಿಯಿಂದ ಹೊರಟ ಅಲೆಯನ್ನು ನೀವು ತಂತಿಯಿಲ್ಲದೆ ಕಳುಹಿಸಿದಿರಿ!

ಯೋಚಿಸಿ ಉತ್ತರಿಸಿ

1. ಪ್ರತಿ ಸಂಕೇತದ ನಂತರ ದೋಣಿಯ ಗ್ರಾಹಕದ ಡಬ್ಬಿ ತಲೆಕೆಳಗಾಗದಿದ್ದರೆ ಏನಾಗುತ್ತಿತ್ತು?
2. ರಿಮೋಟಿನ ಸೆಲ್ಲು ಹೊಸದು, ಕಾರಿನ ಸೆಲ್ಲು ಹಳೆಯದು. ಕಾರು ವೇಗವಾಗಿ ಓಡುತ್ತದೆಯೇ? ಏಕೆ?
3. ಚಂದ್ರನ ಮೇಲಿನ ಗಾಡಿಯನ್ನು ನಿಮ್ಮ ಕಾರಿನಷ್ಟು ವೇಗವಾಗಿ ಓಡಿಸಿದರೆ ಯಾವ ಅಪಾಯವಿದೆ? ಅಲೆಯ ಪ್ರಯಾಣದ ಸಮಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ನಿಮ್ಮ ಉತ್ತರಗಳನ್ನು ತರಗತಿಯಲ್ಲಿ ಗೆಳೆಯರೊಂದಿಗೆ, ವಿಜ್ಞಾನ ಶಿಕ್ಷಕರೊಂದಿಗೆ ಚರ್ಚಿಸಿ.